ಬೀಳುವ ವಿದ್ಯೆಯ ಹ್ವಾನ್‌ದಿ

ಹೆಣ್ಣು ಹುಟ್ಟಿದೆ ಎಂದು ಸೂಲಗಿತ್ತಿ ಬಂದು ಹೇಳಿದಾಗ ಪಾಂಗ್ ತ್ಯೆಚುಯ್ ಒಲೆಯ ಮುಂದೆ ನಿಂತು ಕುರಿಸಾರು ಕಲಕುತ್ತಿದ್ದ. ಸೌಟು ಕೆಳಗಿಡಲಿಲ್ಲ. ಹ್ವಾನ್‌ದಿ ಎಂದು ಹೆಸರಿಡಿ ಎಂದಷ್ಟೇ ಹೇಳಿದ. ‘ಇವಳ ಬದಲಿಗೊಬ್ಬ ತಮ್ಮ ಬರಲಿ’ ಎಂದು ಆ ಹೆಸರಿನ ಅರ್ಥ. ಸೊಂಗ್ ಬೆಟ್ಟದ ತಪ್ಪಲಿನ ಆ ಪೇಟೆಯಲ್ಲಿ ಅಂಥ ಹೆಸರಿನ ಹುಡುಗಿಯರು ಬೀದಿಗೊಬ್ಬರಿದ್ದರು. ತಮ್ಮಂದಿರು ಬಂದದ್ದು ಕೆಲವರ ಮನೆಗೆ ಮಾತ್ರ. ಪಾಂಗನ ಮನೆಗೆ ಬರಲೇ ಇಲ್ಲ.

ತ್ಯೆಚುಯ್ ಎಂದರೆ ಕಬ್ಬಿಣದ ಸುತ್ತಿಗೆ. ಆಳು ಮಾತ್ರ ತಾನೇ ಎಳೆದ ನೂಡಲ್ಸಿನಷ್ಟು ತೆಳ್ಳಗಿದ್ದ. ಬಸ್ ನಿಲ್ದಾಣದ ಎದುರಿನ ಅವನ ನೂಡಲ್ಸ್ ಅಂಗಡಿಯ ಗೋಡೆಯ ತುಂಬ ಎದೆ ಬಿಟ್ಟುಕೊಂಡು ಹಲ್ಲು ಕಚ್ಚಿ ನಿಂತ ವೀರರ ಪಟಗಳು. ತಾನೂ ಚಿಕ್ಕಂದಿನಲ್ಲಿ ಯುದ್ಧಕಲೆ ಕಲಿಯಬೇಕಾಗಿದ್ದವನು, ಮೊಣಕಾಲು ಕೈಕೊಟ್ಟಿತು ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ಯಾವ ಮೊಣಕಾಲು ಎಂಬುದು ಆ ದಿನ ಅವನು ಯಾವುದನ್ನು ಸವರಿಕೊಳ್ಳುತ್ತಿದ್ದ ಎಂಬುದರ ಮೇಲೆ ನಿಂತಿತ್ತು.

ಹ್ವಾನ್‌ದಿಗೆ ಹತ್ತು ವರ್ಷವಾದಾಗ ಅವಳು ಪಕ್ಕದ ಮನೆಯ ಪರ್ಸಿಮನ್ ಹಣ್ಣಿನ ಮರದಿಂದ ಬಿದ್ದಳು. ಕೆಳಗೆ ಬಟ್ಟೆ ಒಗೆಯುವ ಕಲ್ಲು. ಬೀದಿಯವರು ಅಯ್ಯಯ್ಯೋ ಎಂದು ಓಡಿ ಬರುವಷ್ಟರಲ್ಲಿ ಹುಡುಗಿ ಎದ್ದು, ಲಂಗ ಕೊಡವಿ, ಮತ್ತೆ ಮರ ಹತ್ತುತ್ತಿದ್ದಳು.

“ನೋಡ್ದೇನೆ? ಮೂಳೆ ಅಲ್ಲ ಕಣೇ ಅದು, ಉಕ್ಕು!” ಎಂದ ತ್ಯೆಚುಯ್, ಹೆಂಡತಿಯ ಕಡೆ ತಿರುಗಿ.

“ಉಕ್ಕೂ ಇಲ್ಲ ಸೊಕ್ಕೂ ಇಲ್ಲ, ಹಣ್ಣಿನ ಆಸೆ ಅದು. ಒಳಗೆ ಬಂದು ಬಟ್ಟಲು ತೊಳಿ ಅನ್ನಿ, ಉಕ್ಕು ಎಲ್ಲೋಗುತ್ತೆ ನೋಡೋಣ.”

ಆದರೆ ತ್ಯೆಚುಯ್ ಆಗಲೇ ತೀರ್ಮಾನಿಸಿಬಿಟ್ಟಿದ್ದ. ಬೇಸಿಗೆ ಮುಗಿಯುತ್ತಲೇ ಮಗಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಹಾಸಿಗೆ ಸುತ್ತಿ ಕಟ್ಟಿ, ಬೆಟ್ಟದ ರಸ್ತೆಯ ಮೇಘಮುಷ್ಟಿ ಯುದ್ಧಕಲಾ ಶಾಲೆಗೆ ಬಿಟ್ಟುಬಂದ.

ಆ ರಸ್ತೆಯ ಎರಡೂ ಬದಿಗೆ ಯುದ್ಧಕಲೆಯ ಶಾಲೆಗಳೇ. ಒಂದೊಂದಕ್ಕೂ ಒಬ್ಬೊಬ್ಬ ಮೂಲಪುರುಷ. ಮೇಘಮುಷ್ಟಿಯ ಮೂಲಪುರುಷ ಮೊದಮೊದಲು ಮಿಂಗ್ ದೊರೆಗಳ ಕಾಲದವನಾಗಿದ್ದ. ಎದುರಿನ ಶಾಲೆಯವರು ತಮ್ಮವನನ್ನು ಅದಕ್ಕೂ ಹಿಂದಿನವನೆಂದು ಫಲಕದಲ್ಲಿ ಬರೆಸಿದ ಮೇಲೆ, ಬಣ್ಣ ಬಳಿಯುವವನು ಏಣಿ ಹಾಕಿಕೊಂಡು ಬಂದು ಇವನನ್ನೂ ಸೊಂಗ್ ದೊರೆಗಳ ಕಾಲಕ್ಕೆ ತಳ್ಳಿದ. ಹ್ವಾನ್‌ದಿ ಸೇರುವ ಹೊತ್ತಿಗೆ ಇಬ್ಬರೂ ತಾಂಗ್ ದೊರೆಗಳನ್ನು ದಾಟಿ ಹಿಂದಕ್ಕೆ ಓಡುತ್ತಿದ್ದರು. ಇನ್ನು ಸ್ವಲ್ಪ ಬಿಟ್ಟರೆ ಯುದ್ಧಕಲೆ ಮನುಷ್ಯರಿಗಿಂತ ಮೊದಲೇ ಹುಟ್ಟಿಬಿಡುವ ಹಾಗಿತ್ತು.

ಶಾಲೆಯ ಒಡೆಯ ಮಹಾಗುರು ಹೌ ದಿಂಗ್‌ಶಾನ್. ಉದ್ದನೆಯ ಬಿಳಿ ರೇಷ್ಮೆ ಅಂಗಿ, ಎದೆಗಿಳಿದ ಗಡ್ಡ. ಸಂತೆಯಲ್ಲಿ ಹಂದಿಯ ಮೇವು ಮಾರುತ್ತಿದ್ದ ಕಾಲದಿಂದ ಬಂದ ಭಾರೀ ಗಂಟಲು. ಮೇವು ತಿಂದ ಹಂದಿಗಳು ಹೇಗೆ ದಿನಬೆಳಗಾದರೆ ಉಬ್ಬುತ್ತವೆಂದು ಆಗ ವರ್ಣಿಸುತ್ತಿದ್ದ ಅದೇ ದನಿಯಲ್ಲಿ ಈಗ ಪ್ರಾಣಶಕ್ತಿ ಹೊಕ್ಕುಳಿನಲ್ಲಿ ಹೇಗೆ ಉಬ್ಬುತ್ತದೆಂದು ಹೇಳುತ್ತಿದ್ದ. ಕೇಳಿದ ತಂದೆತಾಯಿಗಳಿಗೆ ಮೈ ಜುಮ್ಮೆನ್ನುತ್ತಿತ್ತು.

ಮಕ್ಕಳಿಗೆ ಮೈ ಜುಮ್ಮೆನ್ನಿಸುತ್ತಿದ್ದದ್ದು ಬೆಳಗಿನ ಚಳಿ. ಧ್ವನಿವರ್ಧಕ ಒದರಿದೊಡನೆ ಕೆಂಪು ಅಂಗಿಯ ಸಾವಿರಾರು ಮಕ್ಕಳು ಎದ್ದು ಬೆಟ್ಟದ ಮೆಟ್ಟಿಲು ಹತ್ತಿ ಓಡಬೇಕು. ಇಳಿಯುವಾಗ ಕೈಕಾಲೂರಿ ತಲೆ ಕೆಳಗಾಗಿ ಇಳಿಯಬೇಕು. ಅಷ್ಟಾದ ಮೇಲೆ ಕೋಸಿನ ನೀರು, ಆವಿಯಲ್ಲಿ ಬೇಯಿಸಿದ ಬಿಳಿ ರೊಟ್ಟಿಯುಂಡೆ. ಆ ಉಂಡೆಯನ್ನು ಗೋಡೆಗೆ ಎಸೆದರೆ ಗೋಡೆಯೇ ಉದುರುತ್ತದೆ ಎಂದು ಹ್ವಾನ್‌ದಿಯ ಪಕ್ಕದ ಹಾಸಿಗೆಯ ಮಿಯಾವ್ ಚ್ವೀ ಹೇಳುತ್ತಿದ್ದಳು. ಚ್ವೀಗೆ ನಾಲಗೆಯೇ ಆಯುಧ. ಬೇರೆ ಯಾವುದನ್ನೂ ಅವಳು ಮನಸ್ಸಿಟ್ಟು ಕಲಿಯಲಿಲ್ಲ.

ಹ್ವಾನ್‌ದಿ ಮನಸ್ಸಿಟ್ಟಳು, ಆದರೆ ಬರಲಿಲ್ಲ. ಕತ್ತಿ ಹಿಡಿದರೆ ಕೋಸು ಹೆಚ್ಚುವ ಹಾಗೆ ಕಾಣುತ್ತಿತ್ತು. ಕೊಕ್ಕರೆಯ ಭಂಗಿಯಲ್ಲಿ ನಿಂತರೆ ಬಸ್ಸಿಗೆ ಕಾಯುವ ಹಾಗಿತ್ತು. ತರಬೇತುದಾರ ನಿಯೆ ಸೀಟಿ ಊದಿ ಊದಿ ಸೋತ. ಒಂದು ದಿನ ಜೊತೆಯ ಹುಡುಗಿಯ ಒದೆತಕ್ಕೆ ಹ್ವಾನ್‌ದಿ ಎತ್ತರಕ್ಕೆ ಹಾರಿ, ಗಾಳಿಯಲ್ಲೇ ತಿರುಗಿ, ಕಲ್ಲಿನ ನೆಲದ ಮೇಲೆ ನೀರು ಚೆಲ್ಲಿದ ಹಾಗೆ ಸದ್ದಿಲ್ಲದೆ ಹರಡಿಕೊಂಡಳು. ಒದ್ದವಳೇ ಹೆದರಿ ಅಳತೊಡಗಿದಳು. ಹ್ವಾನ್‌ದಿ ಎದ್ದು ಕೂತು, “ಯಾಕೇ ಅಳ್ತೀಯ? ನಿನ್ ಕಾಲು ನನ್ನ ಮುಟ್ಟೇ ಇಲ್ವಲ್ಲ” ಎಂದಳು.

ನಿಯೆಯ ಬಾಯಿಂದ ಸೀಟಿ ಜಾರಿತು. “ಇನ್ನೊಂದ್ಸಲ ಬೀಳು” ಎಂದ. ಬಿದ್ದಳು. “ಹಿಂದಕ್ಕೆ?” ಹಿಂದಕ್ಕೂ ಬಿದ್ದಳು. “ಲೇ ಹುಡುಗಿ, ಇಷ್ಟು ದಿನ ಎಲ್ಲಿ ಬಚ್ಚಿಟ್ಕೊಂಡಿದ್ಯೇ ಇದನ್ನ?”

ಅಲ್ಲಿಂದ ಅವಳ ದೆಸೆ ತಿರುಗಿತು. ಆ ಕಾಲದಲ್ಲಿ ಧಾರಾವಾಹಿಯವರು ಸಾಯುವ ಜನ ಬೇಕಾದಾಗ ಶಾಲೆಗಳಿಗೇ ಬಸ್ಸು ಕಳಿಸುತ್ತಿದ್ದರು. ಹ್ವಾನ್‌ದಿ ಬೆಳಗ್ಗೆ ಡಕಾಯಿತನಾಗಿ ಸತ್ತು, ಊಟ ಮಾಡಿ, ಮೀಸೆ ಬದಲಿಸಿ, ಆ ಡಕಾಯಿತನನ್ನು ಕೊಂದ ಸೈನಿಕನಾಗಿ ಸಂಜೆಗೆ ಮತ್ತೆ ಸಾಯುತ್ತಿದ್ದಳು. ಮೆಟ್ಟಿಲಿನಿಂದ, ಕುದುರೆಯಿಂದ, ಹೆಂಚಿನ ಮಾಡಿನಿಂದ ಬೀಳುತ್ತಿದ್ದಳು. ತ್ಯೆಚುಯ್ ಅಂಗಡಿಗೆ ದೊಡ್ಡ ಟಿವಿ ತಂದ. ಗಿರಾಕಿಗಳು ಸಾರು ಹೀರುವಾಗ ಸೌಟಿನಲ್ಲೇ ತೋರಿಸುತ್ತಿದ್ದ: “ಅಗೋ, ಎಡಗಡೆ, ಬಾಣ ನೆಟ್ಟು ಬಿದ್ದನಲ್ಲ ಗಡ್ಡದೋನು, ಅದೇ ನನ್ನ ಮಗಳು!”

“ಮುಖಾನೇ ಕಾಣಲಿಲ್ವಲ್ಲೋ?”

“ಮುಖ ಯಾಕ್ ಬೇಕು? ಬಿದ್ದ ಠೀವಿ ನೋಡು!”

ಹ್ವಾನ್‌ದಿಗೆ ಹದಿನೈದು ತುಂಬಿದ ವರ್ಷ ಮಹಾಗುರುವೇ ಅವಳನ್ನು ಕರೆಸಿದ. ಅವನ ಕೋಣೆಯಲ್ಲಿ ದೊಡ್ಡ ಮನುಷ್ಯರ ಜೊತೆ ತೆಗೆಸಿಕೊಂಡ ಪಟಗಳು ಸೂರಿನವರೆಗೆ. ಅವನು ಚಹಾ ಕುಡಿದು, ಬಟ್ಟಲು ಮುಚ್ಚಿ, ಅವಳನ್ನೇ ನೋಡಿದ.

“ಮಗು, ನಮ್ಮ ಪರಂಪರೇಲಿ ಒಂದು ಗುಟ್ಟಿನ ವಿದ್ಯೆ ಇದೆ. ಮುಟ್ಟದೇ ಹೊಡೆಯೋದು. ಆದರೆ ಎಲ್ಲರ ಮೈಯೂ ಅದಕ್ಕೆ ಸ್ಪಂದಿಸಲ್ಲ. ನಿನ್ನ ಮೈ ಸ್ಪಂದಿಸುತ್ತೆ ಅಂತ ನಿಯೆ ಹೇಳ್ದ.”

“ಯಾವ ಕಡೆ ಸ್ಪಂದಿಸ್ಬೇಕು ಗುರುಗಳೇ? ಎಡಕ್ಕಾ ಬಲಕ್ಕಾ?”

ಮಹಾಗುರು ಚಹಾದ ಬಟ್ಟಲಿನ ಮುಚ್ಚಳ ಮತ್ತೆ ತೆಗೆದ. “ಜಾಣೆ” ಎಂದ.

ಹಾಗೆ ಅವಳು ಗುರುವಿನ ಜೊತೆ ಊರೂರು ತಿರುಗತೊಡಗಿದಳು. ಹೋಟೆಲಿನ ಸಭಾಂಗಣ, ಸಿಮೆಂಟು ಕಾರ್ಖಾನೆಯ ವಾರ್ಷಿಕೋತ್ಸವ, ಸಾಹುಕಾರನ ತಾಯಿಯ ಹುಟ್ಟುಹಬ್ಬ. ಗುರು ಕಣ್ಣು ಮುಚ್ಚಿ, ಅಂಗೈ ತಿರುವಿ, ‘ಹಾ’ ಎನ್ನುತ್ತಿದ್ದ. ಹ್ವಾನ್‌ದಿ ಕುರ್ಚಿಗಳನ್ನು ಉರುಳಿಸಿಕೊಂಡು ಹೋಗಿ ಗೋಡೆಗೆ ಒರಗಿ ಜಾರುತ್ತಿದ್ದಳು. ಬೆನ್ನುನೋವಿನ ಸಾಹುಕಾರರು ತಮಗೂ ಸ್ವಲ್ಪ ಶಕ್ತಿ ಹಾಯಿಸಿ ಎಂದು ಸಾಲುಗಟ್ಟುತ್ತಿದ್ದರು. ಪಕ್ಕದ ಜಿಲ್ಲೆಯ ಸಾಹೇಬನೊಬ್ಬ ಗುರುವಿನ ಅಂಗೈ ತನ್ನ ಕಡೆ ತಿರುಗಿದ್ದಕ್ಕೇ ಸೋಫಾದಿಂದ ಕೆಳಗಿಳಿದು ಕೂತ. ಆಮೇಲೆ ಸೊಂಟ ಹಗುರವಾಯಿತೆಂದ. ಅವನ ಕೈಕೆಳಗಿನವರಿಗೆಲ್ಲ ತಕ್ಷಣ ಸೊಂಟ ಹಗುರವಾಯಿತು.

ಮೊದಲ ವರ್ಷಗಳಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಕಾರಿನಲ್ಲಿ ಗುರು ಕೆಲಸದ ಮಾತಾಡುತ್ತಿದ್ದ. “ಇವತ್ತು ಸ್ವಲ್ಪ ಬೇಗ ಬಿದ್ದೆ. ನಾನು ‘ಹಾ’ ಅಂದ್ಮೇಲೆ ಬೀಳು, ಬಾಯಿ ತೆರೆಯುವಾಗಲೇ ಅಲ್ಲ.” ಹ್ವಾನ್‌ದಿ ಹೂಂಗುಟ್ಟುತ್ತಿದ್ದಳು. ಆದರೆ ಅವಳ ಬೀಳುವ ಚಳಕ ಹೆಚ್ಚಿದಂತೆ ಗುರುವಿನ ಮಾತು ಬದಲಾಯಿತು. ಒಂದು ಸಲ ಅವಳು ಬಾಗಿಲಾಚೆಗೆ ಉರುಳಿ ಹೋದಾಗ, ಗುರು ಓಡಿ ಬಂದು ಅವಳ ತಲೆ ಎತ್ತಿ ಹಿಡಿದ.

“ಪೆಟ್ಟಾಯ್ತಾ ಮಗು? ಇವತ್ತು ಜಾಸ್ತಿ ಬಿಟ್ಬಿಟ್ಟೆ ಅನ್ಸುತ್ತೆ.”

ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಅಷ್ಟು ವರ್ಷಗಳಲ್ಲಿ ಅವಳು ಎಲ್ಲೆಲ್ಲಿಂದಲೋ ಬಿದ್ದಿದ್ದಳು. ಪೆಟ್ಟಾಯ್ತಾ ಎಂದು ಕೇಳಿದವರು ಯಾರೂ ಇರಲಿಲ್ಲ, ಅಪ್ಪ ಕೂಡ. ಗುರು ತನ್ನ ಜೇಬಿನಿಂದ ನೋವಿನೆಣ್ಣೆಯ ಸೀಸೆ ತೆಗೆದು ಅವಳ ಕೈಗಿಟ್ಟ. ಅವತ್ತಿನಿಂದ ಅವಳು ಇನ್ನೂ ಚೆನ್ನಾಗಿ ಬಿದ್ದಳು.

“ನೀನೇ ಕೆಡಿಸ್ತಿದೀಯ ಆ ಮುದುಕನ್ನ” ಎಂದಳು ಚ್ವೀ. “ನಿನ್ನೆ ನೊಣಕ್ಕೆ ಅಂಗೈ ತೋರಿಸ್ತಿದ್ರು ನೋಡು. ನೊಣ ಹಾರಿ ಹೋಯ್ತು. ನೊಣ ಹಾರದೇ ಇನ್ನೇನು ಕುರ್ಚಿ ಹಾಕ್ಕೊಂಡು ಕೂರುತ್ತಾ? ಇವರು ಮಾತ್ರ ತಲೆದೂಗಿ ಗಡ್ಡ ಸವರ್ಕೊಂಡ್ರು.”

“ಬಿಡೇ, ಯಾರಿಗೇನು ತೊಂದ್ರೆ?”

ತೊಂದರೆ ಷಾನ್ಸಿ ಪ್ರಾಂತ್ಯದಿಂದ ಬಂತು. ಅದರ ಹೆಸರು ತು ಮೆಂಗ್. ಕುರಿ ಸಾಗಿಸುವ ಲಾರಿ ಓಡಿಸುತ್ತಿದ್ದ, ಹಳ್ಳಿಯ ಕಣಗಳಲ್ಲಿ ಕುಸ್ತಿ ಹಿಡಿದು ಟಗರು ಗೆಲ್ಲುತ್ತಿದ್ದ ಮನುಷ್ಯ. ಗುರುವಿನ ವಿಡಿಯೋವೊಂದನ್ನು ಫೋನಿನಲ್ಲಿ ನೋಡಿ, ಲಾರಿಯ ಮುಂದೆ ನಿಂತು ತಾನೂ ಒಂದು ವಿಡಿಯೋ ಮಾಡಿ ಬಿಟ್ಟ. “ಹೌ ಗುರುಗಳೇ, ನಮಸ್ಕಾರ. ನಂಗೂ ಒಂದ್ಸಲ ಹಾಗೆ ಹಾರಿಸಿ. ನಾನು ವಿಮಾನ ಹತ್ತಿಲ್ಲ, ಆಸೆ ಇದೆ.” ದೇಶವೆಲ್ಲ ನಕ್ಕಿತು.

ಇಂಥದ್ದಕ್ಕೆ ಬೇರೆ ಗುರುಗಳ ಬಳಿ ಉತ್ತರ ತಯಾರಿತ್ತು. ನಮ್ಮ ವಿದ್ಯೆ ಪ್ರದರ್ಶನಕ್ಕಲ್ಲ, ಎದುರಾಳಿಯ ಪ್ರಾಣಕ್ಕೆ ಅಪಾಯ, ಗ್ರಹಗತಿ ಸರಿಯಿಲ್ಲ. ನಿಯೆ ಅದನ್ನೇ ಬರೆದು ತಂದ. ಹೌ ದಿಂಗ್‌ಶಾನ್ ಅದನ್ನು ಓದಿ ಪಕ್ಕಕ್ಕಿಟ್ಟು, “ಬರಲಿ ಅನ್ನು. ಪಾಪ, ದೂರ ಹೋಗಿ ಬೀಳೋ ಹಾಗೆ ಹುಲ್ಲು ಹಾಸಿಡಿ” ಎಂದ. ನಿಯೆಯ ಮುಖ ಬಿಳಿಚಿತು.

ಶಾಲೆಯಲ್ಲಿ ಸಡಗರ ಶುರುವಾಯಿತು. ಬಾವುಟ, ಕಮಾನು, ಗುರುವಿನ ಅಂಗೈಯ ಚಿತ್ರವಿರುವ ಬೀಸಣಿಗೆಗಳ ಮಾರಾಟ. ಹ್ವಾನ್‌ದಿಗೆ ಊಟ ಸೇರಲಿಲ್ಲ. ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಗುರು ಒಬ್ಬನೇ ಇರುವುದನ್ನು ನೋಡಿಕೊಂಡು ಗರಡಿಗೆ ಹೋದಳು. ಕಿಟಕಿಗಳಿಂದ ಬಿಸಿಲು ಚಾಪೆಗಳ ಮೇಲೆ ಬಿದ್ದಿತ್ತು. ಗುರು ಅಂಗಿಯ ತೋಳು ಮಡಿಚಿ ಗಾಳಿಯನ್ನು ತಳ್ಳುತ್ತಿದ್ದ.

“ಗುರುಗಳೇ, ನನ್ ಮೇಲೆ ಒಂದ್ಸಲ ಬಿಡಿ.”

“ಯಾಕೆ ಮಗು?”

“ಸುಮ್ನೆ. ಬಿಡಿ.”

ಗುರು ಅಂಗೈ ತಿರುವಿ ‘ಹಾ’ ಎಂದ. ಹ್ವಾನ್‌ದಿ ನಿಂತೇ ಇದ್ದಳು. ನಿಲ್ಲುವುದು ಅವಳಿಗೆ ಸುಲಭವಾಗಿರಲಿಲ್ಲ. ವರ್ಷಗಳ ರೂಢಿ ಹಿಮ್ಮಡಿಯನ್ನು ಎಳೆಯುತ್ತಿತ್ತು. ಹಲ್ಲು ಕಚ್ಚಿ, ಕಾಲ್ಬೆರಳುಗಳಿಂದ ಚಾಪೆ ಹಿಡಿದು ನಿಂತಳು. ಗುರು ಮತ್ತೆ ‘ಹಾ’ ಎಂದ. ಇನ್ನೊಂದು ಸಲ, ಎರಡೂ ಕೈಯಿಂದ. ಹೊರಗೆ ಬೀಸಣಿಗೆಯವನು ಕೂಗುತ್ತಿದ್ದದ್ದು ಕೇಳಿಸಿತು.

“ಏನೂ ಆಗ್ಲಿಲ್ಲ ಗುರುಗಳೇ” ಎಂದಳು. ಅವಳ ಕಣ್ಣು ತುಂಬಿತ್ತು. “ಯಾವತ್ತೂ ಏನೂ ಆಗಿಲ್ಲ. ನಾನೇ ಬೀಳ್ತಿದ್ದೆ. ನಿಮಗೂ ಗೊತ್ತಿತ್ತಲ್ಲ, ಮೊದಲು? ಆ ಕುಸ್ತಿಯವನು ಬೀಳಲ್ಲ. ನಿಮ್ಮ ಕೈಕಾಲು ಮುರೀತಾನೆ. ಬೇಡ ಅನ್ನಿ.”

ಗುರು ಅವಳನ್ನು ದಿಟ್ಟಿಸಿದ. ಒಂದು ಗಳಿಗೆ ಅವನ ಮುಖದಲ್ಲಿ ಸಂತೆಯ ಆ ಹಳೆಯ ಮನುಷ್ಯ ಇಣುಕಿದ ಹಾಗೆ ಕಂಡಿತು. ಮರುಗಳಿಗೆ ಅವನು ಮೃದುವಾಗಿ ನಕ್ಕು, ಅವಳ ತಲೆ ನೇವರಿಸಿದ.

“ನಿಂಗೆ ಒಗ್ಗಿಹೋಗಿದೆ ಮಗು. ದಿನಾ ಅದೇ ಔಷಧಿ ಕುಡಿದ್ರೆ ಆಮೇಲೆ ಅದು ನಾಟಲ್ಲ ನೋಡು, ಹಾಗೆ. ತಪ್ಪು ನಂದೇ. ನೀನು ಸ್ವಲ್ಪ ದಿನ ವಿಶ್ರಾಂತಿ ತಗೋ.”

ಸಂಜೆಯೊಳಗೆ ಅವಳ ಜಾಗಕ್ಕೆ ಬೇರೆ ಹುಡುಗಿ ಬಂದಳು. ಹ್ವಾನ್‌ದಿ ಹಾಸಿಗೆ ಸುತ್ತಿಕೊಂಡು ಅಪ್ಪನ ಅಂಗಡಿಗೆ ನಡೆದಳು.

ಅಂಗಡಿಯಲ್ಲಿ ತು ಮೆಂಗ್ ಕೂತಿದ್ದ. ಎರಡು ಜನ ಕೂರುವ ಬೆಂಚು ಅವನೊಬ್ಬನಿಗೇ ಸಾಲದಾಗಿತ್ತು. ಸಾರಿನ ಬಟ್ಟಲಿಗೆ ಮುಖ ಇಳಿಸಿದ್ದ. ತ್ಯೆಚುಯ್ ಅವನಿಗೆ ಬೇಕೆಂದೇ ಮಾಂಸ ಕಡಿಮೆ ಹಾಕಿ, ಮೂಲೆಯಿಂದ ಗುರಾಯಿಸುತ್ತಿದ್ದ. ಹ್ವಾನ್‌ದಿ ನೆಟ್ಟಗೆ ಹೋಗಿ ಅವನೆದುರು ಕೂತಳು.

“ಅಣ್ಣ, ನಾಳೆ ನೀವು ಬೀಳ್ಬೇಕು.”

“ಯಾರಮ್ಮ ನೀನು?”

“ವಿಡಿಯೋದಲ್ಲಿ ಹಾರೋಳು.”

ತು ಮೆಂಗ್ ಚಾಪ್‌ಸ್ಟಿಕ್ ಕೆಳಗಿಟ್ಟ. ಅವನ ಕಣ್ಣಲ್ಲಿ ಭಕ್ತಿಯೇ ಬಂತು. “ನೀನಾ! ಏನ್ ಬೀಳ್ತೀಯಮ್ಮ ತಾಯಿ! ನಮ್ಮ ಹಳ್ಳೀಲಿ ಎಲ್ರೂ ನಿನ್ನ ಅಭಿಮಾನಿಗಳು. ಆದ್ರೆ ನಂಗೆ ಬೀಳಕ್ಕೆ ಬರಲ್ಲ ಕಣಮ್ಮ. ಯಾರೂ ಬೀಳಿಸಿಲ್ಲ, ಹಾಗಾಗಿ ಕಲೀಲಿಲ್ಲ.”

“ನಾನು ಹೇಳ್ಕೊಡ್ತೀನಿ. ನನ್ನ ಹಾಗೇ ಸುಮ್ನೆ ಬಿದ್ಬಿಡೋದು. ಅವರು ವಯಸ್ಸಾದೋರು, ಕೆಟ್ಟೋರಲ್ಲ.”

“ಹಾಗೆ ಬಿದ್ರೆ ನಾಳಿದ್ದು ಟಗರು ಕಟ್ಟೋರು ಯಾರು ನಂಗೆ?” ತು ಮೆಂಗ್ ತಲೆ ಕೆರೆದುಕೊಂಡ. “ಒಂದು ಕೆಲ್ಸ ಮಾಡ್ತೀನಿ. ಹೊಡೆಯಲ್ಲ. ಅಂಗೈಯಿಂದ ಮೆತ್ತಗೆ ತಳ್ತೀನಿ, ನನ್ನಜ್ಜೀನ ಹಾಸಿಗೆ ಮೇಲೆ ಮಲಗಿಸೋ ಹಾಗೆ. ಸರಿಯಾ?”

ಹಿಂದೆ ಸೌಟು ಬಿದ್ದ ಸದ್ದಾಯಿತು. ತ್ಯೆಚುಯ್ ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಸುಮ್ನೆ ಬೀಳ್ತಿದ್ಯಾ?” ಎಂದ ಅವನು. “ಆ ಶಕ್ತಿ, ಆ ಗಾಳಿ... ಏನೂ ಇರ್ಲಿಲ್ವಾ?”

“ಇಲ್ಲ ಅಪ್ಪ.”

“ಊರಿಗೆಲ್ಲ ಹೇಳಿದೀನಲ್ಲೇ ನಾನು!” ತ್ಯೆಚುಯ್ ಗೋಡೆಯ ವೀರರ ಕಡೆ ಒಮ್ಮೆ ನೋಡಿ ಸ್ಟೂಲಿನ ಮೇಲೆ ಕುಸಿದ. ಒಳಗಿನಿಂದ ಅವನ ಹೆಂಡತಿ ಬಟ್ಟಲು ಒರೆಸುತ್ತಾ ಬಂದಳು. “ನಿಮ್ಮ ಮೊಣಕಾಲಿನ ಕತೆ ಇಷ್ಟು ವರ್ಷ ಊರೋರು ಕೇಳ್ಲಿಲ್ವಾ? ಇದನ್ನೂ ಕೇಳಿದಾರೆ. ಮಗಳಿಗೆ ಊಟ ಹಾಕಿ” ಎಂದಳು. ತ್ಯೆಚುಯ್ ಎದ್ದು ಮಗಳಿಗೆ ಬಡಿಸಿದ. ಸ್ವಲ್ಪ ಯೋಚಿಸಿ, ತು ಮೆಂಗನ ಬಟ್ಟಲಿಗೂ ಇನ್ನೊಂದಿಷ್ಟು ಮಾಂಸ ಹಾಕಿದ.

ಮಾರನೆಯ ದಿನ ಶಾಲೆಯ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧ್ಯೆ ವೇದಿಕೆ, ಅದರ ಒಂದು ಬದಿಗೆ ಕ್ಯಾಮೆರಾದವರು, ಇನ್ನೊಂದು ಬದಿಗೆ ಕೆಂಪಂಗಿಯ ಮಕ್ಕಳ ಸಾಲುಗಳು. ತು ಮೆಂಗ್ ಮಕ್ಕಳ ಕಡೆಗೆ ಬೆನ್ನು ಮಾಡಿ ನಿಂತ. ಮಹಾಗುರು ಮೆಟ್ಟಿಲೇರಿ ಬಂದು, ಕಣ್ಣು ಮುಚ್ಚಿ, ಉಸಿರು ತುಂಬಿ, ಅಂಗೈ ತಿರುವಿದ.

“ಹಾ!”

ತು ಮೆಂಗನ ಬೆನ್ನ ಹಿಂದೆ ಮುಂದಿನ ಸಾಲಿನ ಮಕ್ಕಳೆಲ್ಲ ಗೊಂಚಲಾಗಿ ನೆಲಕ್ಕೆ ಬಿದ್ದರು. ಅವರಿಗೆ ಯಾರೂ ಹೇಳಿರಲಿಲ್ಲ. ‘ಹಾ’ ಎಂದರೆ ಬೀಳಬೇಕೆಂದಷ್ಟೇ ಅವರ ಮೈಗೆ ಗೊತ್ತಿತ್ತು. ಅವರು ಬಿದ್ದದ್ದು ನೋಡಿ ಹಿಂದಿನ ಸಾಲಿನವರಿಗೆ ಭಯವಾಗಿ, ನಿಂತರೆ ಬೈಸಿಕೊಳ್ಳಬೇಕಾದೀತೆಂದು ಅವರೂ ಬಿದ್ದರು. ಕಡೆಗೆ ನಿಯೆ ಕೂಡ ಸೀಟಿ ಕಚ್ಚಿಕೊಂಡೇ ಮೊಣಕಾಲೂರಿದ. ಗುರುವಿನ ಅಂಗೈ ತಿರುಗಿದ ಕಡೆ ಇನ್ನೂ ನಿಂತಿದ್ದವನು ತು ಮೆಂಗ್ ಒಬ್ಬನೇ. ಅವನು ತಿರುಗಿ ನೋಡಿ, ಯಾರಿಗಾದರೂ ಪೆಟ್ಟಾಯಿತೇನೋ ಎಂದು ಕಳವಳಗೊಂಡ.

ಗುರು ಮತ್ತೊಮ್ಮೆ ‘ಹಾ’ ಎಂದ. ಈ ಸಲ ಬೀಳಲು ಯಾರೂ ಉಳಿದಿರಲಿಲ್ಲ.

ತು ಮೆಂಗ್ ಮುಂದೆ ಬಂದು, ಕೈಮುಗಿದು, ಕೊಟ್ಟ ಮಾತಿನಂತೆ ಅಂಗೈಯನ್ನು ಗುರುವಿನ ಎದೆಗಿಟ್ಟು ಮೆತ್ತಗೆ ತಳ್ಳಿದ. ಅಜ್ಜಿಯಾಗಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮಹಾಗುರು ಹೌ ದಿಂಗ್‌ಶಾನ್ ಜನ್ಮದಲ್ಲಿ ಬಿದ್ದವನಲ್ಲ. ಬೀರು ಬಿದ್ದ ಹಾಗೆ ಬಿದ್ದ. ಬೀಳುವಾಗ ಕೈ ಹಿಂದಕ್ಕೆ ಊರಿದ. ಮಣಿಕಟ್ಟು ಮುರಿದ ಸದ್ದು ಮೈಕಿನಲ್ಲಿ ಕೇಳಿಸಿತು.

ಎಲ್ಲರೂ ಫೋನು ಎತ್ತಿ ಹಿಡಿದರು. ವೇದಿಕೆ ಹತ್ತಿ ಓಡಿದವಳು ಹ್ವಾನ್‌ದಿ. ಗುರುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ತು ಮೆಂಗ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, “ಮೆತ್ತಗೇ ತಳ್ದೆ ಕಣಮ್ಮ, ಆಣೆಗೂ ಮೆತ್ತಗೇ ತಳ್ದೆ” ಎಂದು ಅಳುಮೋರೆ ಮಾಡಿದ. ಗುರುವನ್ನು ಆಸ್ಪತ್ರೆಗೆ ಸಾಗಿಸಿದವನೂ ಅವನೇ, ತನ್ನ ಕುರಿ ಲಾರಿಯಲ್ಲಿ.

ಶಾಲೆ ಮುಳುಗುತ್ತದೆ ಎಂದು ಎದುರಿನ ಶಾಲೆಯವರು ಪಟಾಕಿ ತಂದಿಟ್ಟುಕೊಂಡಿದ್ದರು. ಮುಳುಗಲಿಲ್ಲ. ನಿಯೆ ಮರುದಿನವೇ ಕಮಾನಿನ ಮೇಲೆ ಬರೆಸಿದ: ಮಹಾಗುರುಗಳು ಎದುರಾಳಿಯ ಪ್ರಾಣ ಉಳಿಸಲು ಶಕ್ತಿಯನ್ನು ಬದಿಗೆ ತಿರುಗಿಸಿದರು, ಬಯಲಿನ ಮಕ್ಕಳೇ ಸಾಕ್ಷಿ. ಮಕ್ಕಳು ಬಿದ್ದ ವಿಡಿಯೋ ಅದಕ್ಕೆ ಪುರಾವೆಯಾಯಿತು. ಆ ವರ್ಷ ಸೇರಲು ಬಂದವರಿಗೆ ಹಾಸಿಗೆ ಸಾಲಲಿಲ್ಲ.

ಹ್ವಾನ್‌ದಿ ಆಸ್ಪತ್ರೆಗೆ ದಿನವೂ ಸಾರು ಒಯ್ಯುತ್ತಿದ್ದಳು. ಗುರು ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ. ಬಿಡುಗಡೆಯ ಮುಂಚಿನ ದಿನ, ತಿರುಗದೆಯೇ ಕೇಳಿದ: “ನಾನು ಏನ್ ಮಾಡ್ಬೇಕಿತ್ತು, ಬೀಳೋವಾಗ?”

“ಗದ್ದ ಎದೆಗೆ ಒತ್ಕೋಬೇಕು. ಕೈ ಊರಬಾರದು. ಬೆನ್ನು ದುಂಡಗೆ ಮಾಡ್ಕೊಂಡು ಉರುಳಿಬಿಡಬೇಕು. ನೆಲದ ಜೊತೆ ಜಗಳ ಆಡಬಾರದು ಗುರುಗಳೇ.”

“ಹೂಂ” ಎಂದ ಗುರು. ಮರುದಿನ ಕೈಗೆ ಪಟ್ಟಿ ಕಟ್ಟಿಕೊಂಡೇ ಶಾಲೆಗೆ ಮರಳಿ, ವೇದಿಕೆಯ ಕುರ್ಚಿಯಲ್ಲಿ ಕೂತ.

ಅವಳು ಮರಳಲಿಲ್ಲ. ಧಾರಾವಾಹಿಯವರು ಕರೆದರು, ಹೋಗಲಿಲ್ಲ. ಆ ಚಳಿಗಾಲ ಬೀದಿಯಲ್ಲಿ ನೀರು ಹೆಪ್ಪುಗಟ್ಟಿ ಪಕ್ಕದ ಮನೆಯ ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ, ಅದನ್ನು ಕಣ್ಣಾರೆ ಕಂಡ ಹ್ವಾನ್‌ದಿಗೆ ತಡೆಯಲಾಗಲಿಲ್ಲ. ಬಸ್ ನಿಲ್ದಾಣದ ಹಿಂದಿನ ಹಳೆಯ ಧಾನ್ಯದ ಉಗ್ರಾಣ ಬಾಡಿಗೆಗೆ ಹಿಡಿದು, ಶಾಲೆ ಎಸೆದಿದ್ದ ಹರಕು ಚಾಪೆಗಳನ್ನು ಹೊಲಿಸಿ ಹಾಸಿ, ಮುದುಕ ಮುದುಕಿಯರಿಗೆ ಬೀಳುವುದನ್ನು ಕಲಿಸತೊಡಗಿದಳು.

ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. “ಬೀಳಕ್ಕೂ ಶಾಲೆಯಾ? ನಮ್ಮಜ್ಜ ಪುಕ್ಕಟೆ ಬೀಳ್ತಾನೆ” ಎಂದರು. ಚ್ವೀ ಬಂದು ಬಾಗಿಲಲ್ಲಿ ಕೂತು, ಹಾಗೆಂದವರಿಗೆಲ್ಲ ತಕ್ಕ ಉತ್ತರ ಕೊಟ್ಟಳು. ಅದೇ ಅವಳ ಉದ್ಯೋಗವಾಯಿತು. ಮೂಲಪುರುಷ ಯಾರು ಎಂದು ಬಣ್ಣ ಬಳಿಯುವವನು ಕೇಳಿದಾಗ ಹ್ವಾನ್‌ದಿ, “ಯಾರೂ ಇಲ್ಲ, ಬಾಗಿಲಿಗೆ ನೀಲಿ ಬಳಿ ಸಾಕು” ಎಂದಳು. ಮೊದಲು ಬಂದವಳು ಅವಳ ಅಮ್ಮ. ಎರಡನೆಯವನು ತ್ಯೆಚುಯ್, ಮೊಣಕಾಲು ಸವರಿಕೊಳ್ಳುತ್ತಾ. ಅವನು ಬೀಳುವುದರಲ್ಲಿ ಮಗಳಷ್ಟು ಚೆನ್ನಾಗಿರಲಿಲ್ಲ, ಆದರೆ ಬಿದ್ದ ಮೇಲೆ ಮಾತು ಕಡಿಮೆಯಾಯಿತು.

ವಸಂತ ಬಂದಾಗ ಒಬ್ಬ ಹೆಂಗಸು ತಲೆಗೆ ಶಾಲು ಹೊದ್ದು ಬಂದು ಕೊನೆಯ ಚಾಪೆಯಲ್ಲಿ ನಿಂತಳು. ಹ್ವಾನ್‌ದಿ ಗುರುತು ಹಿಡಿದಳು: ಮಹಾಗುರುವಿನ ಹೆಂಡತಿ.

“ಅವರಿಗೆ ಹೇಳ್ಬೇಡಮ್ಮ ನಾನು ಬಂದಿದ್ದು” ಎಂದಳು ಅವಳು.

“ಹೇಳಲ್ಲ. ಗದ್ದ ಒಳಗೆ ತಗೊಳ್ಳಿ. ಹಾಂ, ಹಾಗೆ.”

ಹೆಂಗಸು ವಾರಗಟ್ಟಲೆ ತಪ್ಪದೆ ಬಂದಳು. ಕಲಿತದ್ದೇ ಕಲಿಯುತ್ತಿದ್ದಳು, ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳುತ್ತಿದ್ದಳು: ಗಡ್ಡ ಉದ್ದ ಇದ್ರೆ ಎಲ್ಲಿಗೆ ಹಾಕ್ಕೋಬೇಕು, ಒಂದು ಮಣಿಕಟ್ಟು ಸರಿ ಇಲ್ಲದೋರು ಯಾವ ಕಡೆಗೆ ಉರುಳಬೇಕು. ಚ್ವೀ ಬಾಗಿಲಲ್ಲಿ ಕೂತು ಕೆಮ್ಮಿದಳು. ಹ್ವಾನ್‌ದಿ ಅವಳನ್ನು ಗದರಿಸಿ, ಪ್ರತಿಯೊಂದನ್ನೂ ತೋರಿಸಿಕೊಟ್ಟಳು.

ಆ ಬೇಸಿಗೆಯಲ್ಲಿ ಶಾಲೆಯ ಅಡುಗೆಯವನು ಅಂಗಡಿಗೆ ಬಂದು ಹೇಳಿದ: ಮಹಾಗುರುಗಳ ಮನೆಯ ಮಹಡಿಯಲ್ಲಿ ಸಂಜೆ ಕಿಟಕಿ ಬಾಗಿಲು ಮುಚ್ಚಿದ ಮೇಲೆ ಧೊಪ್ ಧೊಪ್ ಎಂದು ಸದ್ದು ಕೇಳುತ್ತದಂತೆ. ಗುರುಗಳು ಹೊಸ ಗುಟ್ಟಿನ ವಿದ್ಯೆ ಸಾಧಿಸುತ್ತಿದ್ದಾರೆ ಎಂದು ಮಕ್ಕಳೆಲ್ಲ ಅಂಗಳದಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಾರಂತೆ.

“ಸದ್ದು ಹೇಗಿರುತ್ತೆ? ಜೋರಾಗಾ, ಮೆತ್ತಗಾ?” ಎಂದು ಕೇಳಿದಳು ಹ್ವಾನ್‌ದಿ.

“ಮೊದಮೊದಲು ಜೋರಾಗಿತ್ತು. ಈಗೀಗ ಮೆತ್ತಗಿದೆ.”

“ಒಳ್ಳೇದು” ಎಂದು ಅವಳು ಅವನ ಬಟ್ಟಲಿಗೆ ಸಾರು ಹಾಕಿದಳು.